ಗಿಡ ಗುರುತಿಸುವ ಆ್ಯಪ್: ಹೆಸರಿನ ಸುಳಿವಿಗೆ ಸರಿ, ಅದರಾಚೆಗೆ ಕಷ್ಟ

ಫೋಟೊ ತೆಗೆದರೆ ಗಿಡದ ಹೆಸರು ಹೇಳುವ ವಿದೇಶಿ ಆ್ಯಪ್ ಒಂದನ್ನು ಎಂಟು ತಿಂಗಳಿಂದ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಬಳಸುತ್ತಿದ್ದೇನೆ. ಅದು ಉಚಿತವಾಗಿ ಸಿಗುತ್ತದೆ, ಉತ್ತರವೂ ಬೇಗ ಬರುತ್ತದೆ.

ಹೊರದೇಶದಿಂದ ಬಂದು ದೇಸಿ ಗಿಡಗಳನ್ನು ಒತ್ತರಿಸಿ ಹಬ್ಬಿರುವ ಲಂಟಾನ, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಈ ಮೂರನ್ನೂ ಅದು ತಪ್ಪದೆ ಗುರುತಿಸಿತು. ತೊಡಕಿರುವುದು ಹೆಸರಿನ ಕೆಳಗಿನ ವಿವರಣೆಯಲ್ಲಿ. ಲಂಟಾನದ ಪುಟ ತೆರೆದರೆ, ಇದು ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡ, ಹಿಮ ಬೀಳುವ ಮೊದಲು ಮನೆಯೊಳಗಿಡಿ ಎಂಬ ಸಲಹೆ ಸಿಗುತ್ತದೆ. ಯುರೋಪಿನ ಚಳಿಗೆ ಅದು ಸರಿಯಾದ ಮಾತೇ. ಆದರೆ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಗುರುತಿಟ್ಟು ಪರಿಶೀಲಿಸಿದ ತಾಕುಗಳ ಪೈಕಿ 1997ರಲ್ಲಿ ಶೇ 41ರಲ್ಲಿದ್ದ ಲಂಟಾನ, 2008ರ ಹೊತ್ತಿಗೆ ಶೇ 81ಕ್ಕೆ ಹಬ್ಬಿತ್ತೆಂದು ಸಂಶೋಧಕರು ದಾಖಲಿಸಿರುವಾಗ, ಅದೇ ಬೆಟ್ಟದ ಬುಡದಲ್ಲಿ ನಿಂತು ಈ ಸಲಹೆಯನ್ನು ಓದುವುದು ನನಗೆ ನಿಜಕ್ಕೂ ನೋವಿನ ಸಂಗತಿಯಾಯಿತು.

ಹಾಗೆಯೇ ಹೊರಗಿನಿಂದ ಬಂದು ಕಾಡಿನಲ್ಲಿ ಹಬ್ಬುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರದ ವಿಷಯದಲ್ಲಿ ಹೆಸರೇ ತಪ್ಪಿತು. ಬಂಡೀಪುರದ ಅಂಚಿನಲ್ಲಿ ಸೆಪ್ಟೆಂಬರಿನಲ್ಲಿ ಹಳದಿ ಹೂ ಬಿಟ್ಟಿದ್ದ ಮರವನ್ನು ಆ್ಯಪ್ ಕಕ್ಕೆ ಎಂದಿತು. ಕಕ್ಕೆ ಹೂ ಬಿಡುವುದು ಬೇಸಿಗೆಯಲ್ಲಿ, ಅದರ ಗೊಂಚಲು ಜೋತುಬೀಳುತ್ತದೆ, ಎಲೆಗಳು ಅಗಲ. ನನ್ನೆದುರಿದ್ದ ಮರದ ಗೊಂಚಲುಗಳು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಂತಿದ್ದವು. ಒಂದೊಂದು ಕಡ್ಡಿಯಲ್ಲೂ ಹತ್ತಕ್ಕಿಂತ ಹೆಚ್ಚು ಜೋಡಿ ಸಣ್ಣ ಎಲೆಗಳಿದ್ದವು. ದೇಸಿ ಮರವೆಂದು ತಿಳಿದು ಜನ ಅದನ್ನು ಉಳಿಸಿಕೊಂಡರೆ ಹಾನಿ ಕಾಡಿಗೆ.

ಇದು ಒಂದು ಆ್ಯಪಿನ ದೋಷವಷ್ಟೇ ಅಲ್ಲ. ಹೀಗೆ ಹೊರಗಿನಿಂದ ಬಂದು ಹಬ್ಬಿ ಹಾನಿ ಮಾಡುವ ಆಕ್ರಮಣಕಾರಿ ಜೀವಿಗಳ ಕುರಿತ ಸಂಶೋಧನೆ ಉತ್ತರ ಅಮೆರಿಕ ಮತ್ತು ಯುರೋಪಿನ ಕಡೆಗೆ ವಾಲಿದೆ, ಏಷ್ಯಾ ಮತ್ತು ಆಫ್ರಿಕಾದಲ್ಲಿ ತೀರಾ ಕಡಿಮೆ ಎಂದು ಜೆಕ್ ವಿಜ್ಞಾನಿ ಪೆಟ್ರ್ ಪಿಷೆಕ್ ಮತ್ತು ಸಂಗಡಿಗರು 2008ರಲ್ಲೇ ತೋರಿಸಿದ್ದರು. ಚಿತ್ರಗಳೂ ಟಿಪ್ಪಣಿಗಳೂ ಎಲ್ಲಿಂದ ಹೆಚ್ಚು ಬರುತ್ತವೆಯೋ ಅಲ್ಲಿನ ಗಿಡಗಳನ್ನೇ ಆ್ಯಪ್ ಚೆನ್ನಾಗಿ ಕಲಿಯುತ್ತದೆ. ಯಾವ ಗಿಡ ಎಲ್ಲೆಲ್ಲಿದೆ ಎಂದು ತೋರಿಸುವ ಅದರ ನಕ್ಷೆಯಲ್ಲಿ ನಮ್ಮ ಭಾಗ ಬಹುಪಾಲು ಖಾಲಿಯಾಗಿ ಕಾಣುತ್ತದೆ. ಗಿಡವಿಲ್ಲ ಎಂದಲ್ಲ, ದಾಖಲಿಸಿದವರಿಲ್ಲ ಎಂದು ಅದನ್ನು ಓದಿಕೊಳ್ಳಬೇಕು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹೆಸರಿನ ಸುಳಿವಿಗಾಗಿ ಬಳಸಿ, ಆದರೆ ಕಡಿಯುವ ಅಥವಾ ನೆಡುವ ನಿರ್ಧಾರಕ್ಕೆ ಈ ಕಾಡನ್ನು ಬಲ್ಲ ಸೋಲಿಗ ಬುಡಕಟ್ಟಿನ ಹಿರಿಯರನ್ನೋ ಸಸ್ಯಶಾಸ್ತ್ರ ಬಲ್ಲವರನ್ನೋ ಕೇಳಿ. ಕಕ್ಕೆ ಎಂದು ತಪ್ಪಾಗಿ ಹೇಳಿದ್ದ ಮರದ ಹೂವು, ಎಲೆ, ಕಾಯಿಯ ಹನ್ನೊಂದು ಚಿತ್ರಗಳೊಂದಿಗೆ ನಾನು ಆ್ಯಪಿಗೆ ತಿದ್ದುಪಡಿ ಕಳುಹಿಸಿದೆ. ಮೂರು ವಾರಗಳಲ್ಲಿ ಆ ಮರದ ಹೆಸರು ಸೆನ್ನಾ ಎಂದು ಬದಲಾಯಿತು. ಲಂಟಾನದ ಪುಟ ಮಾತ್ರ ಇನ್ನೂ ಹಾಗೆಯೇ ಇದೆ.