ಕೌನ್ಸಿಲ್ ಫ್ಲ್ಯಾಟ್ ಕೊಂಡು ಏಳು ವರ್ಷ: ಚಾವಣಿಯ ಬಿಲ್

ಹನ್ನೊಂದು ತಿಂಗಳು ನಮ್ಮ ಅಡುಗೆಮನೆ ಕಿಟಕಿಯ ಮುಂದೆ ಚಾವಣಿ ಕೆಲಸಕ್ಕೆ ಹಾಕಿದ ಕಬ್ಬಿಣದ ಕಂಬಗಳೇ ನಿಂತಿದ್ದವು. ಬೆಳಗಿನ ಕಾಫಿಯನ್ನೂ ಪರದೆ ಎಳೆದೇ ಕುಡಿಯಬೇಕಿತ್ತು. ಆಚೆ ಹಲಗೆ ಮೇಲೆ ಕೆಲಸದವರು ಓಡಾಡುತ್ತಿರುತ್ತಿದ್ದರು. ಎಷ್ಟೋ ದಿನ ಯಾರೂ ಬರುತ್ತಿರಲಿಲ್ಲ, ಕಂಬಗಳು ಮಾತ್ರ ಹಾಗೇ ಇರುತ್ತಿದ್ದವು. ಅವುಗಳ ಬಾಡಿಗೆಯಲ್ಲಿ ನನ್ನದೂ ಒಂದು ಪಾಲಿತ್ತು.

2018ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಎರಡು ಬೆಡ್‌ರೂಮಿನ ಈ ಫ್ಲ್ಯಾಟ್ ಕೊಂಡೆ. ಕಟ್ಟಡ ಕೌನ್ಸಿಲ್‌ದು, ಅಂದರೆ ಇಲ್ಲಿನ ನಗರಸಭೆಯದು. 1980ರ ಹೌಸಿಂಗ್ ಆಕ್ಟ್ ಬಂದ ಮೇಲೆ ಬಾಡಿಗೆಗಿದ್ದವರು ತಾವಿದ್ದ ಮನೆಯನ್ನೇ ರಿಯಾಯಿತಿಯಲ್ಲಿ ಕೊಳ್ಳಬಹುದಾಯಿತು. ಹಾಗೆ ಒಬ್ಬರು ಕೊಂಡಿದ್ದು ಕೈಯಿಂದ ಕೈಗೆ ಬಂದು ನನಗೆ ಸಿಕ್ಕಿತು. 125 ವರ್ಷದ ಲೀಸ್‌ನಲ್ಲಿ 96 ವರ್ಷ ಉಳಿದಿತ್ತು. ಊರಿಗೆ ಫೋನ್ ಮಾಡಿ ಲೀಸ್ ಫ್ಲ್ಯಾಟ್ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ದುಡ್ಡು ಯಾವಾಗ ವಾಪಸ್ ಕೊಡ್ತಾರೆ?" ಬೆಂಗಳೂರಿನ ಲೀಸ್ ಅಂದರೆ ಇಡುಗಂಟು ಕೊಟ್ಟು ಇದ್ದು, ಬಿಡುವಾಗ ಗಂಟು ವಾಪಸ್ ತಗೊಳ್ಳೋದು, ಅಲ್ವಾ? ಇಲ್ಲಿ ಅದೇ ಬೇರೆ. ಮನೆಯ ಒಳಗಿನದು ನಮ್ಮದು. ಹೊರಗೋಡೆ, ಚಾವಣಿ, ಮೆಟ್ಟಿಲು, ಲಿಫ್ಟ್ ಎಲ್ಲ ಕೌನ್ಸಿಲ್‌ದು. ರಿಪೇರಿ ಅವರು ಮಾಡಿಸುತ್ತಾರೆ, ಪಾಲು ನಾವು ಕಟ್ಟಬೇಕು. ಪ್ರತಿ ವರ್ಷ ಕಟ್ಟುವ ಪಾಲಿಗೆ ಸರ್ವಿಸ್ ಚಾರ್ಜ್ ಅಂತಾರೆ.

ಮನೆಯ ಬಗ್ಗೆ ನನಗೆ ಒಂದು ದೂರೂ ಇಲ್ಲ. 1971ರಲ್ಲಿ ಕಟ್ಟಿದ್ದು. ಆ ಕಾಲದಲ್ಲಿ ಕೌನ್ಸಿಲ್ ಮನೆಗಳಿಗೆ ಪಾರ್ಕರ್ ಮಾರಿಸ್ ಅಳತೆ ಅಂತ ಕನಿಷ್ಠ ಜಾಗದ ನಿಯಮ ಕಡ್ಡಾಯ ಇತ್ತು. ಕೋಣೆಗಳು ನಿಜವಾಗಿಯೂ ದೊಡ್ಡವು, ಸಾಮಾನು ಇಡೋಕೆ ಪ್ರತ್ಯೇಕ ಜಾಗ ಇದೆ. ಅಮ್ಮ ಬಂದಾಗ ತಂದ ಸಂಡಿಗೆ, ಉಪ್ಪಿನಕಾಯಿ, ಸಾರಿನಪುಡಿ ಡಬ್ಬಗಳೆಲ್ಲ ಅಲ್ಲೇ ಸಾಲಾಗಿ ಕೂತಿವೆ. ಸೋಮವಾರ, ಗುರುವಾರ ಕೇರ್‌ಟೇಕರ್ ಬಂದು ಮೆಟ್ಟಿಲು ತೊಳೆಯುತ್ತಾರೆ. ಬಕೆಟ್ಟಿನ ಸದ್ದು ಕೇಳಿದರೆ ಬಾಗಿಲು ತೆಗೆದು ಮಾತಾಡಿಸುತ್ತೇನೆ. ಲಿಫ್ಟ್ ಕೆಟ್ಟರೆ ನನಗಿಂತ ಮುಂಚೆ ಅವರೇ ಫೋನ್ ಮಾಡಿರುತ್ತಾರೆ. ಸರ್ವಿಸ್ ಚಾರ್ಜಿನಲ್ಲಿ ಒಂದು ಸಾಲು ಮಾತ್ರ ನಾನು ಖುಷಿಯಿಂದ ಕಟ್ಟುತ್ತೇನೆ ಅಂದರೆ ಅದು ಅವರ ಸಾಲು.

ಆ ಚಾರ್ಜು ಮೊದಲ ವರ್ಷ 1,640 ಪೌಂಡ್ ಇತ್ತು, ಈ ವರ್ಷ 2,310. ಕಟ್ಟಡದ ಇನ್ಶೂರೆನ್ಸ್, ಲಿಫ್ಟ್, ದೀಪ, ತೋಟ, ಸಣ್ಣಪುಟ್ಟ ರಿಪೇರಿ, ಮ್ಯಾನೇಜ್‌ಮೆಂಟ್ ಫೀ ಎಲ್ಲ ಸೇರಿ. ವರ್ಷದ ಶುರುವಿನಲ್ಲಿ ಅಂದಾಜು ಕಳಿಸುತ್ತಾರೆ, ಸೆಪ್ಟೆಂಬರಿನಲ್ಲಿ ನಿಜವಾದ ಲೆಕ್ಕ ಬರುತ್ತದೆ. ಅದು ಬಂದ ಭಾನುವಾರ ಊಟ ಆದಮೇಲೆ ಹೋದ ವರ್ಷದ ಹಾಳೆ ಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ನೋಡುತ್ತೇನೆ. ಹಾಗೆ ನೋಡಿಯೇ ಒಮ್ಮೆ ನಮ್ಮ ಕಟ್ಟಡಕ್ಕೆ ಸೇರದ ಗೇಟಿನ ರಿಪೇರಿ ಸಿಕ್ಕಿತು. ಬರೆದೆ, ತೆಗೆದರು. ಇಷ್ಟೇ ಆಗಿದ್ದರೆ ಈ ವಿಮರ್ಶೆ ಬರೆಯುತ್ತಲೇ ಇರಲಿಲ್ಲ.

2021ರಲ್ಲಿ ಒಂದು ದಪ್ಪ ಲಕೋಟೆ ಬಂತು. ಸೆಕ್ಷನ್ 20 ನೋಟಿಸ್, ಅಂದರೆ ದೊಡ್ಡ ಕೆಲಸಕ್ಕೆ ಮುಂಚೆ ಕಾನೂನಿನ ಪ್ರಕಾರ ನಮಗೆ ಕಳಿಸಬೇಕಾದ ಸೂಚನೆ. ಚಾವಣಿ ಪೂರ್ತಿ ಹೊಸದು, ಕಾಂಕ್ರೀಟ್ ರಿಪೇರಿ, ಹೊರಗೋಡೆಗೆ ಬಣ್ಣ. ನನ್ನ ಪಾಲು ಸುಮಾರು 18,000 ಪೌಂಡ್. ಆ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ.

ಕಾನೂನು ಸರಳ. ಒಬ್ಬ ಲೀಸ್‌ದಾರನ ಪಾಲು 250 ಪೌಂಡ್ ದಾಟುವ ಕೆಲಸವಾದರೆ ಮೊದಲು ಎಲ್ಲರನ್ನೂ ಕೇಳಬೇಕು, ಅಭಿಪ್ರಾಯಕ್ಕೆ 30 ದಿನ ಕೊಡಬೇಕು. ಕೇಳದಿದ್ದರೆ, ಟ್ರಿಬ್ಯೂನಲ್ ವಿನಾಯಿತಿ ಕೊಡದ ಹೊರತು, 250ಕ್ಕಿಂತ ಜಾಸ್ತಿ ವಸೂಲಿ ಮಾಡೋ ಹಾಗಿಲ್ಲ. ಆದರೆ ನಮ್ಮ ಕೌನ್ಸಿಲ್ ಮೊದಲೇ ಒಂದು ಕಂಪನಿ ಜೊತೆ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತ್ತು. ಅಂಥ ಕಡೆ ನೋಟಿಸ್ ಒಂದೇ ಸಲ. ನಮಗೆ ಗೊತ್ತಿರುವ ಕಂಟ್ರಾಕ್ಟರ್ ಹೆಸರು ಸೂಚಿಸೋ ಹಕ್ಕೂ ಇಲ್ಲ. ಪಾಲು ಮಲಗುವ ಕೋಣೆಗಳ ಲೆಕ್ಕದಲ್ಲಿ. ನೆಲಮಹಡಿಯವರೂ ಚಾವಣಿಗೆ ಕಟ್ಟಿದರು.

ಲಂಡನ್ನಿನಲ್ಲಿ 15,000 ಪೌಂಡಿಗೆ ಮಿತಿ ಇದೆಯಲ್ಲ ಅಂತ ನನಗೂ ಯಾರೋ ಹೇಳಿದ್ದರು. ಇಂಗ್ಲೆಂಡಿನ ನ್ಯೂವಾರ್ಕ್ ಊರಿನಲ್ಲಿ ಫ್ಲಾರೆನ್ಸ್ ಬೋರ್ನ್ ಅನ್ನೋ 93 ವರ್ಷದ ಅಜ್ಜಿಗೆ ಚಾವಣಿಗೇ ಸುಮಾರು 50,000 ಪೌಂಡಿನ ಬಿಲ್ ಬಂದಿತ್ತು. ಅವರು ತೀರಿಕೊಂಡ ಮೇಲೆ, 2014ರಲ್ಲಿ, ಅವರ ಹೆಸರಲ್ಲೇ ಫ್ಲಾರೀಸ್ ಲಾ ಅಂತ ಕರೆಯೋ ನಿಯಮ ಬಂತು. ಐದು ವರ್ಷದಲ್ಲಿ ಒಬ್ಬ ಲೀಸ್‌ದಾರನಿಂದ ಲಂಡನ್ನಿನಲ್ಲಿ 15,000, ಹೊರಗೆ 10,000ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಆದರೆ ಕೇಂದ್ರ ಸರ್ಕಾರದ ಹಣ ಸೇರಿದ ಕೆಲಸಕ್ಕೆ ಮಾತ್ರ. ನಮ್ಮ ಕೆಲಸಕ್ಕೆ ಸೇರಿರಲಿಲ್ಲ. ಆ ಮಿತಿ ನಂಬಿ ಯಾರೂ ಮನೆ ಕೊಳ್ಳಬೇಡಿ.

ಕೊನೆಯ ಬಿಲ್ 2023ರ ಜನವರಿಯಲ್ಲಿ ಬಂತು: 18,410. ಖರ್ಚಿನ ರಸೀದಿಗಳನ್ನು ನೋಡಲು ಕೇಳೋ ಹಕ್ಕು ನಮಗಿದೆ. ನಾನು, ಮೂರನೇ ಮಹಡಿಯ ಒಬ್ಬರು ರಜೆ ಹಾಕಿ ಹೋಗಿ ಎರಡು ದಿನ ಕೂತು ನೋಡಿದೆವು. ಕಂಬ ನಿಂತಿದ್ದಕ್ಕೆ ವಾರದ ಲೆಕ್ಕದಲ್ಲಿ ಬಾಡಿಗೆ ಹಾಕಿದ್ದರು. ಅದರಲ್ಲಿ ಒಂಬತ್ತು ವಾರ ಕಂಟ್ರಾಕ್ಟರ್ ಬೇರೆ ಸೈಟಿಗೆ ಹೋಗಿ ಇಲ್ಲಿ ಕೆಲಸ ನಿಂತಿದ್ದ ಕಾಲ. ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಲಸದವರು ಬಂದ ದಿನಗಳಿಗೆಲ್ಲ ಗುರುತು ಹಾಕಿಟ್ಟಿದ್ದೆ. ಅದರ ಫೋಟೋ ಕಳಿಸಿದೆವು. ಪತ್ರ ಹೋದವು, ಬಂದವು. ಕೊನೆಗೆ ನನ್ನ ಪಾಲಿನಲ್ಲಿ 1,130 ಪೌಂಡ್ ಕಡಿಮೆ ಮಾಡಿದರು. ಉಳಿದ 17,280ಕ್ಕೆ ಬಡ್ಡಿ ಇಲ್ಲದೆ 36 ಕಂತು. ತಿಂಗಳಿಗೆ 480.

ನನಗೆ ಇವತ್ತಿಗೂ ಸಂಕಟ ಆಗೋದು ಕೆಲಸದ ಬಗ್ಗೆ ಅಲ್ಲ. 50 ವರ್ಷದ ಚಾವಣಿ ಬದಲಾಯಿಸಲೇಬೇಕಿತ್ತು. ಕಟ್ಟಿದ ವರ್ಷದಿಂದಲೇ ಗೊತ್ತಿದ್ದ ಖರ್ಚು ಅದು. ಬೆಂಗಳೂರಿನಲ್ಲಿ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಕಾರ್ಪಸ್ ಫಂಡ್ ಅಂತ ಎತ್ತಿಡುತ್ತಾರೆ, ಲಿಫ್ಟ್ ಬದಲಿಸುವಾಗ ಅದರಿಂದ ತೆಗೆದರು. ಇಲ್ಲಿ ನಾವು ಕಟ್ಟುವ ಚಾರ್ಜಿನಲ್ಲಿ ಅಂಥ ಒಂದು ಪೌಂಡೂ ಉಳಿಯೋದಿಲ್ಲ. ತಿಂಗಳಿಗೆ 30 ಪೌಂಡ್ ಜಾಸ್ತಿ ತಗೊಂಡು ಎತ್ತಿಟ್ಟಿದ್ದರೆ ನನ್ನ ಹಿಂದಿದ್ದವರೂ ತಮ್ಮ ಪಾಲು ಕೊಟ್ಟಿರುತ್ತಿದ್ದರು. ಲೀಸ್ ಶುರುವಾದಾಗಿನಿಂದ ಆದ 30 ವರ್ಷದ ಸವೆತಕ್ಕೆ ಕೊನೆಯಲ್ಲಿ ಬಂದವನು ಒಬ್ಬನೇ ಕಟ್ಟೋದು ನ್ಯಾಯ ಅಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ನಮ್ಮದು ಮೇಲಿನ ಮಹಡಿ. ಮಗಳ ಕೋಣೆಯ ಮೂಲೆಯಲ್ಲಿ ಪ್ರತಿ ಚಳಿಗಾಲ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಒರೆಸಿದಷ್ಟೂ ಬರುತ್ತಿತ್ತು, ಅವಳಿಗೆ ಕೆಮ್ಮು. ಹೊಸ ಚಾವಣಿ ಆದಮೇಲೆ ಎರಡು ಚಳಿಗಾಲ ಕಳೆದಿವೆ, ಆ ಮೂಲೆ ಒಣಗಿಯೇ ಇದೆ. ಗ್ಯಾಸ್ ಬಿಲ್ಲೂ ಇಳಿದಿದೆ. ಜೋರು ಮಳೆ ಬಂದ ರಾತ್ರಿ ಈಗಲೂ ಎದ್ದು ಹೋಗಿ ಗೋಡೆ ಮುಟ್ಟಿ ನೋಡುತ್ತೇನೆ.

ನಾನು ಮಾಡಿದ ತಪ್ಪು ಕೊಳ್ಳುವಾಗಲೇ ಆಗಿತ್ತು. ಮಾರುವವರ ವಕೀಲರು ಕಳಿಸಿದ ಕಾಗದದಲ್ಲಿ "ಚಾವಣಿ ಸಮೀಕ್ಷೆ ಬಾಕಿ" ಅಂತ ಒಂದು ಸಾಲಿತ್ತು. ನಾನು ಸರ್ವಿಸ್ ಚಾರ್ಜಿನ ಮೊತ್ತ ಮಾತ್ರ ನೋಡಿ ಮುಂದೆ ಹೋದೆ. ಅದೇ ರಸ್ತೆಯ ಖಾಸಗಿ ಫ್ಲ್ಯಾಟಿಗಿಂತ 90,000 ಪೌಂಡ್ ಕಡಿಮೆ ಅನ್ನೋದೇ ಕಣ್ಣಿಗೆ ಕಂಡಿತ್ತು. ಈಗ ಆಫೀಸಿನ ಗೆಳತಿ ಒಬ್ಬಳು ಇಂಥದೇ ಫ್ಲ್ಯಾಟ್ ನೋಡುತ್ತಿದ್ದಾಳೆ. ಮುಂದಿನ ಐದು ವರ್ಷದ ಕೆಲಸಗಳ ಪಟ್ಟಿ ಕೇಳು, ಚಾವಣಿ, ಲಿಫ್ಟ್, ಕಿಟಕಿ ಕೊನೆಗೆ ಯಾವಾಗ ಬದಲಾಯಿಸಿದ್ದು ಕೇಳು ಅಂದೆ. ನೋಟಿಸ್ ಬಂದಿದ್ದರೆ ಮಾರುವವರ ದುಡ್ಡಿನಲ್ಲಿ ಒಂದು ಭಾಗ ವಕೀಲರ ಹತ್ತಿರವೇ ತಡೆದಿಡಿಸು ಅಂದೆ. ಸಂಶಯ ಇದ್ದರೆ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ಗೆ ಬರೆದು ಕೇಳು, ಅದು ಉಚಿತ ಅಂತಲೂ ಹೇಳಿದೆ.

ಬೇರೆ ಮನೆಗೆ ಹೋಗೋ ಯೋಚನೆ ನಮಗಿಲ್ಲ. ಈ ಅಕ್ಟೋಬರ್ ಕಂತು ಸೇರಿಸಿ ಇನ್ನು ಆರು ಕಂತು ಇದೆ. ಅದು ಮುಗಿದ ತಿಂಗಳಿನಿಂದ ಆ 480ರಲ್ಲಿ 100 ಪೌಂಡ್ ಬೇರೆ ಖಾತೆಗೆ ಹಾಕೋದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಲಿಫ್ಟ್ ಹಾಕಿ 26 ವರ್ಷ ಆಯ್ತು ಅಂತ ಕೇರ್‌ಟೇಕರ್ ಹೋದ ಗುರುವಾರ ಹೇಳಿದರು.