ಸೂಪರ್‌ಸಾನಿಕ್ ಪ್ಲಾಸ್ಮಾಗೆ ಯಾವ ಸಾಲ್ವರ್: ಎಚ್‌ಎಲ್‌ಎಲ್, ರೋ, ಎಚ್‌ಎಲ್‌ಎಲ್‌ಡಿ

ಕಾಂತಕ್ಷೇತ್ರ ಇರುವ ಪ್ಲಾಸ್ಮಾವನ್ನು (ವಿದ್ಯುದಾವೇಶ ಹೊತ್ತ ಕಣಗಳ ಅನಿಲ) ಶಬ್ದಕ್ಕಿಂತ ವೇಗವಾಗಿ ಕಲಕಿದರೆ ಎಲ್ಲೆಡೆ ಶಾಕ್, ಅಂದರೆ ಸಾಂದ್ರತೆ, ಒತ್ತಡ ಥಟ್ಟನೆ ಜಿಗಿಯುವ ಅಲೆ, ಏಳುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಹಿಡಿಯಲು ಜಾಗವನ್ನು ಸಣ್ಣ ಸೆಲ್‌ಗಳ ಗ್ರಿಡ್ ಆಗಿ ಒಡೆಯುತ್ತೇವೆ. ಸೆಲ್‌ನಿಂದ ಸೆಲ್‌ಗೆ ಎಷ್ಟು ದ್ರವ್ಯ, ಶಕ್ತಿ ದಾಟುತ್ತದೆ (ಇದೇ ಫ್ಲಕ್ಸ್) ಎಂದು ಲೆಕ್ಕ ಹಾಕುವ ವಿಧಾನವೇ ರೀಮಾನ್ ಸಾಲ್ವರ್. ಎಚ್‌ಎಲ್‌ಎಲ್, ರೋ, ಎಚ್‌ಎಲ್‌ಎಲ್‌ಡಿ ಎಂಬ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಆಯ್ಕೆ ಎಚ್‌ಎಲ್‌ಎಲ್‌ಡಿ.

ಮೊದಲು ಎಲ್ಲರೂ ಮಾಡುವ ಬ್ರಿಯೊ-ವೂ ಪರೀಕ್ಷೆ: ಎರಡು ಸ್ಥಿತಿಯ ಅನಿಲವನ್ನು ಅಕ್ಕಪಕ್ಕ ಇಟ್ಟು ಬಿಟ್ಟು ನೋಡುವುದು. ಎಡಕ್ಕೆ ಸಾಂದ್ರತೆ 1, ಬಲಕ್ಕೆ 0.125, ನಡುವೆ ಅಡ್ಡ ಕಾಂತಕ್ಷೇತ್ರ ದಿಕ್ಕು ಬದಲಿಸುತ್ತದೆ. ಇಲ್ಲಿ ರೋ ಚೆನ್ನಾಗಿಯೇ ಕಾಣುತ್ತದೆ. ನಡುವಿನಿಂದ ಹೊರಡುವ ಏಳೂ ಅಲೆಗಳನ್ನು ಅದು ಲೆಕ್ಕಕ್ಕೆ ತಗೊಳ್ಳುತ್ತದೆ, ನಿಧಾನ ಶಾಕ್ (ಈ ಅಲೆಗಳಲ್ಲಿ ನಿಧಾನವಾದ ಬಗೆಯದು) ಕೂಡ ಚೂಪಾಗಿ ಬರುತ್ತದೆ. ಎಚ್‌ಎಲ್‌ಎಲ್‌ಗೆ ಗೊತ್ತಿರುವುದು ತುದಿಯ ಎರಡೇ ಅಲೆ. ಹಾಗಾಗಿ ಸಾಂದ್ರತೆ ಮಾತ್ರ ಬದಲಾಗುವ ನಡುವಿನ ಗಡಿ ಹರಡಿಕೊಳ್ಳುತ್ತದೆ. ಎಚ್‌ಎಲ್‌ಎಲ್‌ಡಿ ಐದು ಅಲೆ ಇಟ್ಟುಕೊಳ್ಳುತ್ತದೆ. ಆ ಗಡಿ ನೆಟ್ಟಗೆ ನಿಲ್ಲುತ್ತದೆ.

ಟರ್ಬುಲೆನ್ಸಿಗೆ (ಅಡ್ಡಾದಿಡ್ಡಿ ಸುಳಿಯುವ ಹರಿವಿಗೆ) ಬಂದರೆ ಚಿತ್ರ ಬದಲು. ಶಾಕ್‌ಗಳು ಅನಿಲವನ್ನು ಗುಡಿಸಿಕೊಂಡು ಹೋದ ಮೇಲೆ ಹಿಂದೆ ಉಳಿಯುವುದು ಬಹುತೇಕ ಖಾಲಿ ಜಾಗ. ಅಲ್ಲಿ ಒಟ್ಟು ಶಕ್ತಿಯಿಂದ ಚಲನೆಯ ಶಕ್ತಿ, ಕಾಂತಶಕ್ತಿ ಎರಡನ್ನೂ ಕಳೆದರೆ ಒತ್ತಡಕ್ಕೆ ಉಳಿಯುವುದು ಚೂರೇ ಚೂರು. ರೋ ಇಲ್ಲೇ ಸೋಲುತ್ತದೆ: ಸಾಂದ್ರತೆಯೋ ಒತ್ತಡವೋ ಸೊನ್ನೆಗಿಂತ ಕೆಳಗಿಳಿದು ರನ್ ನಿಂತುಹೋಗುತ್ತದೆ. ಮೇಲಾಗಿ ನಿಧಾನ.

ಹಾಗಾದರೆ ಗಟ್ಟಿಮುಟ್ಟಾದ ಎಚ್‌ಎಲ್‌ಎಲ್ ಸಾಕಲ್ವಾ? ಹರಿವು ಎಲ್ಲ ಅಲೆಗಳಿಗಿಂತ ವೇಗವಾಗಿ ಗ್ರಿಡ್ ದಾಟುವಲ್ಲಿ ಸಾಕು. ಅಲ್ಲಿ ಎಲ್ಲ ಅಲೆಗಳೂ ಒಂದೇ ಕಡೆಗೆ ಹೋಗುತ್ತವೆ, ಮೂರೂ ಸಾಲ್ವರ್ ಒಂದೇ ಉತ್ತರ ಕೊಡುತ್ತವೆ. ವ್ಯತ್ಯಾಸ ಕಾಣುವುದು ಶಾಕ್ ಹಿಂದಿನ ದಟ್ಟ ಪದರದಲ್ಲಿ, ಹರಿವು ನಿಧಾನವಾದಾಗ. ಉಷ್ಣತೆ ಬದಲಾಗದ ಅನಿಲದಲ್ಲಿ ಕಾಂತಕ್ಷೇತ್ರ ಇಲ್ಲದಿದ್ದರೆ, ಮ್ಯಾಕ್ 10ರ (ಶಬ್ದದ ಹತ್ತು ಪಟ್ಟು ವೇಗದ) ಶಾಕ್ ಸಾಂದ್ರತೆಯನ್ನು 100 ಪಟ್ಟು ಏರಿಸುತ್ತದೆ. ಶಾಕ್‌ನ ಮೇಲ್ಮೈಗೆ ಸಮಾನಾಂತರವಾಗಿ ಕಾಂತಕ್ಷೇತ್ರ ಇದ್ದರೆ ಅದೂ ಜೊತೆಗೆ ಹಿಂಡಿಕೊಂಡು ತಿರುಗಿ ಒತ್ತುತ್ತದೆ, ಏರಿಕೆ ಕಮ್ಮಿ. ನಾವು ನೋಡಬೇಕಿರುವುದೇ ಈ ಜಗ್ಗಾಟ! ಪದರದೊಳಗಿನ ಆಲ್ಫ್ವೆನ್ ಅಲೆಗಳನ್ನು (ಕಾಂತರೇಖೆಗಳು ತಂತಿಯಂತೆ ಕಂಪಿಸಿ ಸಾಗುವ ಅಲೆ) ಎಚ್‌ಎಲ್‌ಎಲ್ ಸವೆಸಿಬಿಡುತ್ತದೆ. ಸುಮ್ನೆ ಗ್ರಿಡ್ ಸಣ್ಣದು ಮಾಡಿ ಸರಿಪಡಿಸೋಣ ಎಂದರೆ ಖರ್ಚು ದುಬಾರಿ. ಮೂರು ಆಯಾಮದಲ್ಲಿ ರೆಸಲ್ಯೂಶನ್ ಎರಡು ಪಟ್ಟಾದರೆ ಕೆಲಸ 16 ಪಟ್ಟು.

2005ರಲ್ಲಿ ಮಿಯೋಶಿ ಮತ್ತು ಕುಸಾನೊ ಕೊಟ್ಟ ಎಚ್‌ಎಲ್‌ಎಲ್‌ಡಿ ಈ ಆಲ್ಫ್ವೆನ್ ಅಲೆಗಳನ್ನು ಉಳಿಸುತ್ತದೆ. ನಿಧಾನ ಶಾಕ್ ವಿಷಯದಲ್ಲಿ ಮಾತ್ರ ರೋ ಸಾಲ್ವರ್‌ಗಿಂತ ಹಿಂದೆ. ತೀರಾ ಖಾಲಿ ಜಾಗದಲ್ಲಿ ಅದೂ ಒಮ್ಮೊಮ್ಮೆ ಎಡವುತ್ತದೆ. ಆಗ ಆ ಸೆಲ್‌ನ ಮುಖಗಳಿಗಷ್ಟೇ, ಆ ಒಂದು ಹೆಜ್ಜೆಗಷ್ಟೇ, ಮೊದಲ ದರ್ಜೆಯ (ಇಡೀ ಸೆಲ್‌ನಲ್ಲಿ ಒಂದೇ ಬೆಲೆ ಎಂದು ಹಿಡಿಯುವ, ಒರಟಾದ) ಎಚ್‌ಎಲ್‌ಎಲ್ ಫ್ಲಕ್ಸ್ ಹಾಕಿ. ಪಕ್ಕದ ಸೆಲ್‌ಗೂ ಅದೇ ಫ್ಲಕ್ಸ್ ಹೋಗಲಿ. ಸಾಂದ್ರತೆಗೆ ಕನಿಷ್ಠ ಮಿತಿ ಹಾಕಿದರೆ ಇಲ್ಲದ ದ್ರವ್ಯರಾಶಿ ಸೇರಿಕೊಳ್ಳುತ್ತದೆ, ಹೀಗೆ ಮಾಡಿದರೆ ಸೇರುವುದಿಲ್ಲ.