ಆಯಿಯ ಆರೈಕೆಗೆ ಬಂದ ಹೋಮ್ ನರ್ಸ್: ಶಿರಸಿಯ ನಮ್ಮ ಅನುಭವ

ಆಯಿಗೆ ಸೊಂಟದ ಆಪರೇಷನ್ ಆದಮೇಲೆ ಶಿರಸಿಯಲ್ಲೇ ಒಬ್ಬ ಹೋಮ್ ನರ್ಸ್ ಗೊತ್ತು ಮಾಡಿದೆವು. ಬಂದವರು ಮೊದಲು ಕೇಳಿದ್ದೇ ಸೋಪು. ಬೆರಳ ಸಂದಿ, ಉಗುರಿನ ತುದಿ ಎಲ್ಲ ಉಜ್ಜಿ ತೊಳೆದ ಮೇಲೇ ಆಯಿಯನ್ನು ಮುಟ್ಟಿದರು.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ರಾತ್ರಿಯೂ ತಪ್ಪಿಸಲಿಲ್ಲ. ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇನ್ನೊಂದು. ಬೆನ್ನ ಕೆಳಗೆ ಸ್ವಲ್ಪ ಕೆಂಪಾಗಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕಲು ಹೋದೆ. "ತಿಕ್ಕಬೇಡಿ ಅಕ್ಕಾ, ಒಳಗೆ ಪೆಟ್ಟಾಗ್ತದೆ" ಅಂದರು. ಬೆರಳಿಂದ ಒತ್ತಿ ತೋರಿಸಿದರು: ಒತ್ತಿದಾಗ ಬೆಳ್ಳಗಾಗದೆ ಕೆಂಪೇ ಉಳಿದರೆ ಹುಣ್ಣಿನ ಶುರು. ಇದನ್ನು ನಮಗೆ ಮೊದಲು ಯಾರೂ ಹೇಳಿರಲಿಲ್ಲ.

ದರ ಸ್ವಲ್ಪ ಜಾಸ್ತಿಯೇ. ಆದರೆ ಈ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ ಅಲ್ವಾ, ಅಂಥದರಲ್ಲೂ ಆಯಿಯ ಹಾಸು ಒಂದು ದಿನವೂ ಒದ್ದೆ ಇರಲಿಲ್ಲ.